ಬಿಚ್ಚಿಟ್ಟ ಬೆಲ್ಟು

“ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಮಹಾನುಭಾವ ನನ್ನ ಕಾರಿನ ಸೂಪರ್‌ಚಾರ್ಜರ್ ಬಿಚ್ಚಿದಾನೆ. ಎಲ್ಲರೂ ಕೈ ಮುಗೀರಿ!” ಅಂತ ಭಾವ ನೆಂಟರ ಮುಂದೆಯೇ ನಕ್ಕ. ಬಿಟ್ಟಿ ಕೆಲಸಕ್ಕೆ ನನ್ನನ್ನು ಕರೆದವನೂ ಅವನೇ. ಮೈಯೆಲ್ಲ ಉರಿದುಹೋಯಿತು. ಸಂಜೆ ಅಕ್ಕ ಕೂಸಿನ ಜೊತೆ ಅದೇ ಕಾರಲ್ಲಿ ಹೊರಡಬೇಕಲ್ಲ ಅಂತ ಹಲ್ಲು ಕಚ್ಚಿಕೊಂಡು ಷೆಡ್ಡಿಗೆ ಹೋದೆ.

ಇಂಜಿನ್ನಿಗೆ ಗಾಳಿ ಊದುವ ಆ ಯಂತ್ರಕ್ಕೆ ಹೊಸ ಸಣ್ಣ ಪುಲ್ಲಿ ಕೂರಿಸಿದ್ದೆ. ಪುಲ್ಲಿಯನ್ನೂ ಇಂಜಿನ್ನಿನ ನೀರಿನ ಪಂಪನ್ನೂ ತಿರುಗಿಸುವ ಬೆಲ್ಟು ಇನ್ನೂ ಹಾಕಿರಲಿಲ್ಲ, ಬ್ಯಾಟರಿ ವೈರೂ ಬಿಚ್ಚಿತ್ತು. ಪುಲ್ಲಿ ಸೊಟ್ಟ ತಿರುಗುತ್ತದೋ ನೋಡೋಣ ಅಂತ ಅದರ ಮೇಲಂಚಿಗೆ ಸೀಮೆಸುಣ್ಣದ ಗೆರೆ ಎಳೆದೆ. ಸ್ಪ್ಯಾನರ್ ತರುವಷ್ಟರಲ್ಲಿ ಗೆರೆ ನನ್ನ ಕಡೆ ತಿರುಗಿತ್ತು. ಮತ್ತೆ ಮೇಲಕ್ಕೆ ತಿರುಗಿಸಿ ಆಚೆ ಬದಿಗೆ ಹೋದೆ. ಅಲ್ಲೂ ನನ್ನ ಕಡೆಗೇ. ತಗಡಿನ ಷೆಡ್ಡು ಬಿಸಿಲಿಗೆ ಕಾದಿತ್ತು, ಪುಲ್ಲಿ ಮಾತ್ರ ಮಂಜುಗಡ್ಡೆ. ಆಮೇಲೆ ಬಾನೆಟ್ಟಿನೊಳಗೆ ಬೆಲ್ಟು ಕಿರುಗುಟ್ಟಿತು. ಬೆಲ್ಟು ನನ್ನ ಕೈಯಲ್ಲಿತ್ತು.

ಅದನ್ನು ಹೆಗಲಿಗೆ ಹಾಕಿಕೊಂಡು ಹೊರಬಂದೆ.

“ಎಲ್ಲಿಗೋ ಅದನ್ನ ತಗೊಂಡು? ನಿಮ್ಮಕ್ಕನ್ನ ನೀನೇ ಹೊತ್ಕೊಂಡು ಹೋಗ್ತೀಯಾ?” ಭಾವ ಕೂಗಿದ.

“ಏನಾಯ್ತೋ?” ಅಂದಳು ಅಕ್ಕ.

ಈ ಬೆಲ್ಟಿಲ್ಲದೆ ಕಾರು ಹೊರಡೋದಿಲ್ಲ, ಅಕ್ಕ-ಕೂಸು ಅದರಲ್ಲಿ ಹೋಗೋದಿಲ್ಲ, ನನಗೆ ಅಷ್ಟು ಸಾಕಿತ್ತು. ಗೇಟು ದಾಟಿ ನಡೆದೆ. ಹೆಗಲ ಮೇಲಿನ ಬೆಲ್ಟು, ಓಡುತ್ತಿರುವ ಇಂಜಿನ್ನಿನ ಮೇಲೆ ಇರುವ ಹಾಗೆ, ಬಿಸಿಯಾಗುತ್ತಲೇ ಇತ್ತು.