ಹದಿನಾಲ್ಕನೇ ದಿನದ ನೋಂದಣಿ

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 8:50ಕ್ಕೆ ಠಾಣೆಯ ಫೋನ್ ಬಡಿದುಕೊಂಡಿತು. ಆ ಕಡೆಯಿಂದ ಮಾತಾಡಿದವರು ಓಸ್ಟರ್‌ಲೂಗ್ ಊರಿನ ಆಶ್ರಯಧಾಮದ ಮೇಲ್ವಿಚಾರಕಿ ಗೇಶೆ ಪೊಪ್ಪಿಂಗಾ.

"ನಮ್ಮ ವ್ಯಾನಿನ ಟೈರಿಗೆ ಯಾರೋ ಗುಂಡು ಹೊಡೆದಿದಾರೆ."

"ಮೊಳೆ ಗಿಳೆ ಚುಚ್ಚಿರಬೇಕು. ಸರಿಯಾಗಿ ನೋಡಿದ್ರಾ?" ಎಂದ ಕಾನ್‌ಸ್ಟೆಬಲ್ ಮೈಂಟ್ ಆಡೆನ್.

"ಮೊಳೆ ಆಗಿದ್ರೆ ಟೈರ್ ಅಂಗಡಿಗೆ ಫೋನ್ ಮಾಡ್ತಿದ್ದೆ ಕಣಪ್ಪಾ. ನಿನಗ್ಯಾಕೆ ಮಾಡ್ಲಿ?"

9:20ಕ್ಕೆ ಇನ್‌ಸ್ಪೆಕ್ಟರ್ ಫ್ರೌಕೆ ರೆಮ್ಮರ್ಸ್ ಮೈಂಟ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಬುದ್ಧಿ ಬೆಳೆಯದೆ ಉಳಿದ ಇಪ್ಪತ್ಮೂರು ಜನ ದೊಡ್ಡವರು ಆ ಧಾಮದಲ್ಲಿದ್ದರು. ಕಟ್ಟಡ ಮಾರಾಟವಾಗಿತ್ತು. ಮಾರ್ಚ್ 31ರೊಳಗೆ ಎಲ್ಲರನ್ನೂ ತಂಡ ತಂಡವಾಗಿ 340 ಕಿಲೋಮೀಟರ್ ದಕ್ಷಿಣದ ಇನ್ನೊಂದು ಧಾಮಕ್ಕೆ ಸಾಗಿಸಬೇಕಿತ್ತು. ಮೊದಲ ತಂಡದ ಆರು ಜನ ಕೋಟು ಹಾಕಿಕೊಂಡು, ಪೆಟ್ಟಿಗೆ ಹಿಡಿದು ಹಜಾರದಲ್ಲಿ ಕೂತಿದ್ದರು. ವ್ಯಾನ್ ಹಿತ್ತಲಲ್ಲಿ ಒಂದು ಕಡೆಗೆ ಕುಸಿದು ನಿಂತಿತ್ತು. ಹಿತ್ತಲಾಚೆ ಸಮುದ್ರದ ಒಡ್ಡು, ಒಡ್ಡಿನ ಮೇಲೆ ಕುರಿಗಳು, ಆಮೇಲೆ ಬರೀ ಮಂಜು.

ಅಡುಗೆಯವಳನ್ನೂ ಅಂಚೆಯವನನ್ನೂ ಪಂಚರನ್ನಾಗಿ ಇಟ್ಟುಕೊಂಡು ಪಂಚನಾಮೆ ಬರೆದದ್ದಾಯಿತು. ಟೈರಿನ ಒಳಗಿಂದ ಜಜ್ಜಿಹೋದ ಸೀಸದ ಉಂಡೆಯೊಂದು ಸಿಕ್ಕಿತು, ಕಡಲೆಕಾಳಿಗಿಂತ ಸಣ್ಣದು. ಪಾಯಿಂಟ್ ಟ್ವೆಂಟಿಟೂ ಗುಂಡು, ಬಹುಶಃ ಪಿಸ್ತೂಲಿನದು ಎಂದು ಮರುದಿನವೇ ಪ್ರಯೋಗಾಲಯ ಹೇಳಿತು. ಎಫ್‌ಐಆರ್ ದಾಖಲಾಯಿತು. ದಕ್ಷಿಣದ ಧಾಮದವರು ಮಂಗಳವಾರ ಮಾತ್ರ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದರು. ಹಾಗಾಗಿ ಸಾಗಾಟ ಮಾರ್ಚ್ 11ಕ್ಕೆ ಮುಂದೆ ಹೋಯಿತು.

ವ್ಯಾನ್ ನಿಂತರೆ ಯಾರಿಗೆ ಲಾಭ? ಆರು ಜನರ ಮನೆಯವರ ಪಟ್ಟಿಯನ್ನು ಮೈಂಟ್ ತಂದ. ಅದರಲ್ಲಿ ಬಂದೂಕು ಕ್ಲಬ್ಬಿನ ಸದಸ್ಯ ಒಬ್ಬನೇ ಇದ್ದ. ತ್ಯಾರ್ಕ್ ಬೋಮ್‌ಗಾರ್ಡನ್, ನಲವತ್ತೊಂಬತ್ತು ವರ್ಷ, ದ್ವೀಪದ ಫೆರ್ರಿಯಲ್ಲಿ ಹಗ್ಗ ಕಟ್ಟುವ ಕೆಲಸ. ತಂಗಿ ವುಬ್ಕೆ ಇಪ್ಪತ್ತು ವರ್ಷದಿಂದ ಆ ಧಾಮದಲ್ಲಿದ್ದಳು.

ಮಾರ್ಚ್ 6, ಗುರುವಾರ, ಸಂಜೆ 4 ಗಂಟೆ. ತ್ಯಾರ್ಕ್ ಬಾಗಿಲು ತೆರೆದು "ಮೊಯಿನ್" ಎಂದು ಅಲ್ಲಿಯ ರೀತಿಯಲ್ಲಿ ನಮಸ್ಕಾರ ಹೇಳಿದ, ಚಹಾ ಸುರಿದ. ಆ ಸೀಮೆಯ ರೂಢಿಯಂತೆ ಮೂರು ಬಟ್ಟಲು ಮುಗಿಯದೆ ಯಾರೂ ಏಳುವಂತಿಲ್ಲವಾದ್ದರಿಂದ ವಿಚಾರಣೆಯೂ ಅಲ್ಲೇ ನಡೆಯಿತು.

"ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಒಡ್ಡಿನ ಮೇಲೆ ನಡೀತಿದ್ದೆ. ನೀರು ಏರದೆ ಫೆರ್ರಿ ಹೊರಡಲ್ಲ, ಅವತ್ತು ಏರಿದ್ದು ತಡ. ಫೆರ್ರಿ ಹನ್ನೊಂದಕ್ಕೆ ಇತ್ತು."

"ಜೊತೆಗೆ?"

"ಕುರಿಗಳು."

ಮೈಂಟ್ ನಗು ನುಂಗಿಕೊಂಡ. ಫ್ರೌಕೆ ನಗಲಿಲ್ಲ.

"ಎಷ್ಟು ಪಿಸ್ತೂಲಿದೆ ನಿಮ್ಮ ಹತ್ರ?"

"ಒಂದು. ನೈನ್ ಎಂಎಂ."

"ಪಾಯಿಂಟ್ ಟ್ವೆಂಟಿಟೂ ಪಿಸ್ತೂಲು?"

"ಇಲ್ಲ."

ಒಳಕೋಣೆಯ ಕಬ್ಬಿಣದ ಪೆಟ್ಟಿಗೆಯಿಂದ ಪಿಸ್ತೂಲು ತಂದು ಮೇಜಿನ ಮೇಲಿಟ್ಟ, ಪಕ್ಕಕ್ಕೆ ಪರವಾನಗಿ ಕಾರ್ಡ್ ಇಟ್ಟ. ಕಾರ್ಡಿನಲ್ಲಿ ಒಂದೇ ಸಾಲು. ನಂಬರು ತಾಳೆಯಾಯಿತು. ನಳಿಕೆಯ ತೂತು ಪೆನ್ಸಿಲ್ ಸಲೀಸಾಗಿ ಹೋಗುವಷ್ಟು ದೊಡ್ಡದು.

"ಇದರಲ್ಲಿ ಆ ಕಡಲೆಕಾಳು ಹಾರೋದಿಲ್ಲ ಬಿಡಿ ಮೇಡಂ" ಎಂದ ಮೈಂಟ್.

ಎದ್ದು ಹೊರಡುವಾಗ ತ್ಯಾರ್ಕ್ ಕೇಳಿದ: "ಮುಂದಿನ ಮಂಗಳವಾರ ಕಳಿಸೇ ಬಿಡ್ತಾರಾ ಮೇಡಂ?"

"ಅದು ನನ್ನ ಕೈಲಿಲ್ಲ."

"ಪಕ್ಕದ ಊರಿನ ಧಾಮದಲ್ಲಿ ಏಪ್ರಿಲ್ ಒಂದಕ್ಕೆ ಒಂದು ಜಾಗ ಖಾಲಿ ಆಗುತ್ತೆ. ಇಲ್ಲಿಂದ ಎಂಟೇ ಕಿಲೋಮೀಟರ್. ಪಟ್ಟೀಲಿ ವುಬ್ಕೆದೇ ಮೊದಲ ಹೆಸರು. ಆದ್ರೆ ಅವತ್ತಿಗೆ ಅವಳು ಈ ಜಿಲ್ಲೇಲೇ ಇರ್ಬೇಕು, ಹೊರಗೆ ಹೋದ್ರೆ ಹೆಸರು ಹೊಡೆದುಹಾಕ್ತಾರೆ. ಒಂದು ತಿಂಗಳು ತಡೀರಿ ಅಂತ ಹನ್ನೊಂದು ಕಾಗದ ಬರೆದೆ. ಒಂದಕ್ಕೆ ಉತ್ತರ ಬಂತು. ನಿಮ್ಮ ಪತ್ರ ಸಿಕ್ಕಿದೆ ಅಂತ."

"ಅಲ್ಲೀವರೆಗೆ ಮನೇಲಿ ಇಟ್ಕೋಬಹುದಲ್ಲ?"

"ಫಿಟ್ಸ್ ಬರುತ್ತೆ ಅವಳಿಗೆ. ವಾರಕ್ಕೆ ಎರಡು ಮೂರು ಸಲ. ನಾನು ದಿನಕ್ಕೆ ಒಂಬತ್ತು ಗಂಟೆ ನೀರಿನ ಮೇಲಿರ್ತೀನಿ. ದಿನಾ ಸಂಜೆ ಆರಕ್ಕೆ ಹೋಗ್ತೀನಿ. ಐದೂ ಐವತ್ತಕ್ಕೇ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿರ್ತಾಳೆ. ನಾನು ಬರೋತನಕ ಏಳೋದಿಲ್ಲ. ಅಷ್ಟು ದೂರ ಹೋದ್ರೆ ಏನ್ ಮಾಡ್ತಾಳೆ ಹೇಳಿ."

ವ್ಯಾನ್ ನಿಲ್ಲಿಸಲು ಇವನಿಗೆ ಕಾರಣವಿದೆ ಎಂದು ಫ್ರೌಕೆ ಬರೆದುಕೊಂಡರು. ಆದರೂ ಪೊಲೀಸ್ ಕೆಲಸ ಪೊಲೀಸ್ ಕೆಲಸವೇ. ಪಿಸ್ತೂಲು ಬೇರೆ, ಗುಂಡು ಬೇರೆ ಎಂದಮೇಲೆ ಅವನ ಹೆಸರನ್ನು ಪಟ್ಟಿಯಿಂದ ಹೊಡೆದರು.

ಜಿಲ್ಲೆಯಲ್ಲಿ ನಲವತ್ತೊಂದು ಪಾಯಿಂಟ್ ಟ್ವೆಂಟಿಟೂ ಪಿಸ್ತೂಲುಗಳಿದ್ದವು. ಮೈಂಟ್ ಮನೆಮನೆ ಸುತ್ತಿ ಒಂದೊಂದನ್ನೂ ತಂದ, ಪ್ರಯೋಗಾಲಯದಲ್ಲಿ ಹೊಡೆಸಿ ಖಾಲಿ ತೋಟಾ ಇಟ್ಟುಕೊಂಡ, ಬೈಸಿಕೊಂಡ, ವಾಪಸು ಕೊಟ್ಟ.

ಮಾರ್ಚ್ 11, ಬೆಳಿಗ್ಗೆ 8:35. ಎರಡನೇ ಗುಂಡು ಬಿತ್ತು. ಈ ಸಲ ಅದು ಟೈರನ್ನು ಸೀಳಿ ಚಕ್ರದ ಕಬ್ಬಿಣಕ್ಕೆ ಬಡಿದು ಚೂರಾಯಿತು. ಒಂದು ಚೂರು, ಪೆಟ್ಟಿಗೆ ಏರಿಸಲು ವ್ಯಾನಿನ ಹಿಂದೆ ಬಂದಿದ್ದ ಡ್ರೈವರ್ ಓಲ್ಟ್‌ಮನ್ಸ್‌ನ ಮೀನಖಂಡಕ್ಕೆ ಹೊಕ್ಕಿತು. ಅವನ ಕೂಗಿಗೆ ಹಜಾರದಲ್ಲಿದ್ದ ಆರೂ ಜನ ಅಳಲು ಶುರುಮಾಡಿದರು. ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಟೈರಿನ ಕೇಸು ಈಗ ಮನುಷ್ಯನಿಗೆ ಗಾಯ ಮಾಡಿದ ಕೇಸಾಗಿತ್ತು.

10:15ಕ್ಕೆ ಒಡ್ಡಿನ ಹುಲ್ಲಿನಲ್ಲಿ ಒಂದು ಖಾಲಿ ತೋಟಾ ಸಿಕ್ಕಿತು. ದೊಡ್ಡ ತೋಟಾಕ್ಕೆ ಪಿಸ್ತೂಲಿನ ಮೊಳೆ ನಡುವಿಗೆ ಬಡಿದರೆ, ಈ ಸಣ್ಣ ತೋಟಾಕ್ಕೆ ಅಂಚಿಗೆ ಬಡಿಯುತ್ತದೆ. ಅಂಚಿನ ಆ ಗುರುತು ಪಿಸ್ತೂಲಿಗೊಂದು ತರ ಇರುತ್ತದೆ. ನಲವತ್ತೊಂದರಲ್ಲಿ ಒಂದಕ್ಕೂ ಅದು ಹೊಂದಲಿಲ್ಲ.

ಸಾಗಾಟ 18ಕ್ಕೆ ಹೋಯಿತು. ಮೇಲಧಿಕಾರಿಗಳು ದಿನಕ್ಕೆರಡು ಸಲ ಫೋನ್ ಮಾಡಿ ಫ್ರೌಕೆಯ ತಲೆ ತಿನ್ನತೊಡಗಿದರು.

13ರಂದು ಗುರುವಾರ ಬೆಳಿಗ್ಗೆ 11ಕ್ಕೆ ಮೈಂಟ್ ಮತ್ತೆ ಪರವಾನಗಿ ಕಚೇರಿಯ ಮೆಟ್ಟಿಲು ಹತ್ತಿದ. ಗುಮಾಸ್ತ ಉಪ್‌ಹೋಫ್ ಕನ್ನಡಕದ ಮೇಲಿಂದ ನೋಡಿದ.

"ಏನಪ್ಪಾ ಮೈಂಟ್, ನಲವತ್ತೊಂದು ಸಾಲದೇ ಹೋಯ್ತಾ?"

"ತಮಾಷೆ ಬೇಡ ಮಾರಾಯ. ಪಟ್ಟೀಲಿ ಏನಾದ್ರೂ ಬಿಟ್ಟುಹೋಗಿದೆಯಾ?"

"ಏನೂ ಬಿಟ್ಟಿಲ್ಲ. ನೀನು ಪಿಸ್ತೂಲು ಕೇಳಿದೆ, ಪಿಸ್ತೂಲು ಕೊಟ್ಟೆ. ಕಿಟ್ ಕೇಳಿದ್ಯಾ?"

"ಯಾವ ಕಿಟ್?"

"ಅಯ್ಯೋ ದೇವರೇ, ಇವನೊಬ್ಬ ಪೊಲೀಸು! ನೈನ್ ಎಂಎಂ ತೋಟಾ ದುಬಾರಿ, ಕೈಗೂ ಒದೆತ ಜಾಸ್ತಿ. ಅದಕ್ಕೆ ಅಭ್ಯಾಸ ಮಾಡೋರು ಕಿಟ್ ತಗೋತಾರೆ. ಹಿಡಿಕೆ ಅದೇ ಇರುತ್ತೆ. ಮೇಲಿನ ಅರ್ಧ ಬಿಚ್ಚಿ ಮೊಳೆ ಸಮೇತ ಇದರ ನಳಿಕೆ ಕೂರಿಸು, ಮ್ಯಾಗಜೀನ್ ಬದಲಾಯಿಸು, ಮುಗೀತು. ಟ್ವೆಂಟಿಟೂ ಹೊಡಿ. ಪುಸ್ತಕದಲ್ಲಿ ಅದು ಬೇರೆ ಪಿಸ್ತೂಲಲ್ಲ, ಮೊದಲಿನ ಪಿಸ್ತೂಲಿನ ಕೆಳಗೆ ಇನ್ನೊಂದು ಸಾಲು, ಅಷ್ಟೇ."

"ಇತ್ತೀಚೆಗೆ ಯಾರಾದ್ರೂ ಬರೆಸಿದಾರಾ?"

"ನಿನ್ನೆ ತಾನೇ ಒಬ್ಬ ಬಂದಿದ್ದ. ಫೆಬ್ರವರಿ 26ಕ್ಕೆ ಕ್ಲಬ್ಬಿನ ಗೆಳೆಯನಿಂದ ಕೊಂಡಿದ್ನಂತೆ. ಹದಿನಾಲ್ಕು ದಿನದೊಳಗೆ ಬರೆಸ್ಬೇಕು. ಸರಿಯಾಗಿ ಹದಿನಾಲ್ಕನೇ ದಿನ ಬಂದ. ಬೋಮ್‌ಗಾರ್ಡನ್, ಫೆರ್ರಿಯವನು."

ಫೋನಿನಲ್ಲಿ ಇದನ್ನು ಕೇಳಿದ ಫ್ರೌಕೆ ಮೊದಲು ನಂಬಲಿಲ್ಲ.

"ಕಳ್ಳ ತನ್ನ ಹಾರೆಗೆ ತಾನೇ ಬಂದು ಸೀಲು ಹಾಕಿಸ್ಕೊಂಡು ಹೋದ್ನೇನೋ?"

"ಶುಲ್ಕಾನೂ ಕಟ್ಟಿದಾನೆ ಮೇಡಂ."

ಕಿಟ್ ಮಾರಿದ ಗೆರ್ಯೆಟ್ ಎಂಬ ಮುದುಕನನ್ನು ಹುಡುಕಿದರು. ಮಾರಿದ್ದು ನಿಜ ಎಂದ. ತಾನೂ ಕಚೇರಿಗೆ ತಿಳಿಸಬೇಕಿತ್ತು ಎಂಬುದು ಅವನಿಗೆ ಮರೆತೇಹೋಗಿತ್ತು. ತ್ಯಾರ್ಕ್ ಸುಮ್ಮನಿದ್ದಿದ್ದರೆ ಆ ಕಿಟ್ ಎಲ್ಲಿದೆಯೆಂದು ಈ ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಸಂಜೆ 5:20ಕ್ಕೆ ಫೆರ್ರಿ ದಡಕ್ಕೆ ಬಂತು. ಕಟ್ಟೆಯ ಮೇಲೆ ನಿಂತ ಇಬ್ಬರನ್ನೂ ತ್ಯಾರ್ಕ್ ನೋಡಿದ. "ಹಗ್ಗ ಕಟ್ಟಿ ಬಂದೆ" ಎಂದು ಕೂಗಿ ಹೇಳಿ, ಕಟ್ಟಿ, ಗಂಟು ಎಳೆದು ನೋಡಿ, ಇಳಿದು ಬಂದ. 5:40ಕ್ಕೆ ಬಂಧನ. ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಎಣ್ಣೆಬಟ್ಟೆ ಸುತ್ತಿದ ಕಿಟ್ ಇತ್ತು. ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡು ಪ್ರಯೋಗಾಲಯಕ್ಕೆ ಕಳಿಸಿದರು. ತೋಟಾದ ಅಂಚಿನ ಗುರುತು ಅದರದ್ದೇ ಎಂದು ಮರುದಿನ ವರದಿ ಬಂತು.

ಠಾಣೆಯಲ್ಲಿ ವಿಚಾರಣೆ 7 ಗಂಟೆಗೆ ಶುರುವಾಯಿತು. ವಕೀಲ ಬೇಕೇ ಎಂದರೆ ಬೇಡ ಎಂದ.

"ನನಗೆ ಸುಳ್ಳು ಹೇಳಿದ್ರಿ."

"ಇಲ್ಲ ಮೇಡಂ. ಪಿಸ್ತೂಲು ಒಂದೇ ಇರೋದು. ಕಿಟ್ ಇದೆಯಾ ಅಂತ ನೀವು ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ."

"ಕಿಟ್ ಯಾಕೆ ಬೇಕಾಯ್ತು? ಪಿಸ್ತೂಲಿತ್ತಲ್ಲ."

"ನೈನ್ ಎಂಎಂ ಆದ್ರೆ ಟೈರ್ ದಾಟಿಹೋಗುತ್ತೆ. ಆ ಕಡೆ ಯಾರಿರ್ತಾರೋ ಏನೋ. ಯಾರಿಗೂ ಏನೂ ಆಗ್ಬಾರ್ದು ಅಂತ ಸಣ್ಣದು ತಗೊಂಡೆ. ಆದ್ರೂ ಆಗೇಹೋಯ್ತು. ಹೇಗಿದಾನೆ ಆ ಡ್ರೈವರು?"

"ನಡೀತಾನೆ. ಟೈಮ್ ಬೇಕು. ಅದಿರ್ಲಿ, ನೋಂದಣಿ ಯಾಕೆ ಮಾಡಿಸಿದ್ರಿ?"

"ಹದಿನಾಲ್ಕು ದಿನ ಅಂತ ಇದೆಯಲ್ಲ."

"ತ್ಯಾರ್ಕ್!"

ಅವನು ಕೈಗಳನ್ನು ನೋಡಿಕೊಂಡ. "ಒಡ್ಡಿನ ಮೇಲಿಂದ ರಕ್ತ ಕಾಣಿಸ್ತು ಮೇಡಂ. ಓಡಿಹೋಗಿ ಹಿಡ್ಕೋಬೇಕಿತ್ತು ಅವನನ್ನ. ಹೋಗ್ಲಿಲ್ಲ. ಮನೆಗೆ ಬಂದು ಕೂತೆ, ಊಟ ಸೇರ್ಲಿಲ್ಲ. ಮಾರನೇ ದಿನ ಕೊನೇ ತಾರೀಕು. ಇಷ್ಟು ತಪ್ಪಿನ ಮೇಲೆ ಇನ್ನೊಂದು ಸೇರಿಸೋದು ಬೇಡ ಅನ್ನಿಸ್ತು."

"18ಕ್ಕೆ ಮತ್ತೆ ಹೊಡೀತಿದ್ರಾ?"

ಅವನು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದ.

"ಹೊಡೀತಿದ್ದೆ." ಅವನು ತಟ್ಟನೆ ಎದ್ದುನಿಂತ, ಮೈಂಟ್ ಮುಂದೆ ಬಂದ. "ಮೇಡಂ, ನನ್ನನ್ನ ಎಷ್ಟು ವರ್ಷ ಬೇಕಾದ್ರೂ ಒಳಗೆ ಹಾಕಿ. ಅವಳನ್ನ ಏಪ್ರಿಲ್ ಒಂದರವರೆಗೆ ಇಲ್ಲೇ ಇಡ್ಸಿ. ಹತ್ತೊಂಬತ್ತು ದಿನ. ನಿಮ್ಮ ದಮ್ಮಯ್ಯ ಅಂತೀನಿ. ಹತ್ತೊಂಬತ್ತೇ ದಿನ."

14ರಂದು ಫ್ರೌಕೆ ಮೂರು ಕಚೇರಿಗಳಿಗೆ ಫೋನ್ ಮಾಡಿದರು. ತನಿಖಾಧಿಕಾರಿಯ ಕೆಲಸವಲ್ಲ ಅದು, ಆದರೂ ಮಾಡಿದರು. ಪಕ್ಕದ ಊರಿನ ಧಾಮದ ಪಟ್ಟಿ ನೋಡಿಕೊಳ್ಳುವವರು ನಿಯಮ ಓದಿ ಹೇಳಿದರು. ಮನೆಯಲ್ಲಿ ನೋಡಿಕೊಳ್ಳುವವರನ್ನು ಕಳಿಸುವ ಕಚೇರಿ ಮೇ ತಿಂಗಳವರೆಗೆ ಜನರಿಲ್ಲ ಎಂದಿತು. ಗೇಶೆ ಪೊಪ್ಪಿಂಗಾ ಮಾತ್ರ ಅತ್ತೇಬಿಟ್ಟರು.

"ನನಗೇನು ಆಸೆನಾ ಫ್ರೌಕೆ? ಅಡುಗೆಯವಳು ಮುಂದಿನ ಶುಕ್ರವಾರ ಬಿಡ್ತಾಳೆ, 31ಕ್ಕೆ ಕಟ್ಟಡವನ್ನೇ ಬಿಡ್ಬೇಕು. ರಾತ್ರಿ ಪಾಳಿಗೆ ಈಗ್ಲೇ ಯಾರೂ ಇಲ್ಲ. ಫಿಟ್ಸ್ ಬಂದ್ರೆ ಯಾರು ಹಿಡ್ಕೋತಾರೆ ಅವಳನ್ನ?"

ಅಪರಾಧಕ್ಕೆ ಪ್ರೇರಣೆ ಎಂಬ ಅಂಕಣದಲ್ಲಿ ಫ್ರೌಕೆ ಬರೆದರು: "ತಂಗಿಯನ್ನು ಏಪ್ರಿಲ್ 1ರವರೆಗೆ ಜಿಲ್ಲೆಯಲ್ಲಿ ಉಳಿಸಿಕೊಳ್ಳುವುದು. ದ್ವೇಷವಿಲ್ಲ. ಲಾಭವಿಲ್ಲ." ಅದಕ್ಕಿಂತ ಹೆಚ್ಚು ಬರೆಯಲು ಜಾಗವೂ ಇರಲಿಲ್ಲ.

18ರ ಬೆಳಿಗ್ಗೆ ಬಂದೋಬಸ್ತಿಗೆಂದು ಅವರೇ ಹೋದರು. ಐದು ಜನ ವ್ಯಾನ್ ಹತ್ತಿದರು. ವುಬ್ಕೆ ಹತ್ತಲಿಲ್ಲ. ನಲವತ್ತಾರರ ಹೆಂಗಸು, ಹಳದಿ ಟೋಪಿ ಹಾಕಿಕೊಂಡು ಪೆಟ್ಟಿಗೆಯ ಮೇಲೆ ಕೂತುಬಿಟ್ಟಿದ್ದಳು. ಐದು ದಿನದಿಂದ ಸಂಜೆ ಆರಕ್ಕೆ ಯಾರೂ ಬಂದಿರಲಿಲ್ಲ.

"ಅಣ್ಣ ಎಲ್ಲಿ?"

"ಅಲ್ಲೇ ಇದಾನಮ್ಮ, ಹೊಸ ಮನೇಲಿ. ನಿನ್ನನ್ನೇ ಕಾಯ್ತಿದಾನೆ" ಎಂದರು ಗೇಶೆ, ಬೇರೆ ದಾರಿ ಕಾಣದೆ.

ವುಬ್ಕೆ ಗೇಶೆಯನ್ನು ನಂಬಲಿಲ್ಲ. ಫ್ರೌಕೆಯ ಕಡೆ ತಿರುಗಿದಳು. "ಹೌದಾ?"

"ಹೌದು" ಎಂದರು ಫ್ರೌಕೆ.

ಅವಳು ಎದ್ದು, ನಗುತ್ತ, ತಾನೇ ಹೋಗಿ ಹತ್ತಿದಳು. 9:10ಕ್ಕೆ ವ್ಯಾನ್ ಹೊರಟಿತು.

ಮಧ್ಯಾಹ್ನ 2ಕ್ಕೆ ಫ್ರೌಕೆ ಜೈಲಿಗೆ ಹೋಗಿ ತ್ಯಾರ್ಕ್‌ನ ಎದುರು ಕೂತರು.

"ಹೋದಳಾ?"

"ಹೋದಳು."

"ಅತ್ತಳಾ?"

"ಇಲ್ಲ. ನಗ್ತಾನೇ ಹತ್ತಿದಳು."

ಅವನು ತಲೆಯೆತ್ತಿದ. "ಏನು ಹೇಳಿ ಹತ್ತಿಸಿದ್ರಿ?"

ಫ್ರೌಕೆ ಕಿಟಕಿಯ ಕಡೆ ನೋಡಿದರು. ಈ ಮನುಷ್ಯ ಒಂದು ಸಲವೂ ತನಗೆ ಸುಳ್ಳು ಹೇಳಿರಲಿಲ್ಲ.

"ನೀವು ಅಲ್ಲಿ ಕಾಯ್ತಿದೀರಿ ಅಂತ."

ತ್ಯಾರ್ಕ್ ಕೂಗಾಡಲಿಲ್ಲ. ಎರಡೂ ಕೈಯಿಂದ ಮೇಜಿನ ಅಂಚನ್ನು ಹಿಡಿದು ಮೆಲ್ಲಗೆ ಹೇಳಿದ: "ಹಾಗಾದ್ರೆ ಅಲ್ಲಿಯೋರಿಗೆ ಒಂದು ಫೋನ್ ಮಾಡಿ ಹೇಳಿ ಮೇಡಂ. ರಾತ್ರಿ ಎಷ್ಟೊತ್ತಾದ್ರೂ ಅವಳು ಬಾಗಿಲ ಹತ್ರದಿಂದ ಏಳೋದಿಲ್ಲ."