ಕಾಯಿಲೆ ನಂದು, ಮಾತೂ ನಂದೇ

"ಕಾಯ್ಲೆ ಯಾರ್ದು ಕಣ್ರಿ, ನಿಮ್ದಾ, ನಿಮ್ಮಪ್ಪಂದಾ?"

ಪಕ್ಕದ ಬೆಂಚಿನವನು ನಗುತ್ತಿದ್ದ. ಮಾಲಿನಿಗೆ ಮೈ ಉರಿಯಿತು. ಯಳಂದೂರಿನ ಇಪ್ಪತ್ಮೂರರ ಹುಡುಗಿ. ಕುತ್ತಿಗೆಯ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾಗಿ ವಾರವಾಗಿತ್ತು. ಕೊಳ್ಳೇಗಾಲದ ಆಸ್ಪತ್ರೆಗೆ ಮೈಸೂರಿನಿಂದ ಬಂದಿದ್ದ ಡಾಕ್ಟರ್ ಒಳಗೆ ಅವಳ ಅಪ್ಪ ಗುರುಪಾದಸ್ವಾಮಿಯ ಜೊತೆ ಮಾತಾಡುತ್ತಿದ್ದರು. ಅವಳನ್ನು ಹೊರಗೆ ಕೂರಿಸಿದ್ದರು.

"ಇದ್ರಲ್ಲಿ ನಗೋಕೇನೈತೆ?"

"ಎರಡು ವರ್ಷದ ಹಿಂದೆ ನಾನೂ ಇಲ್ಲೇ ಕುಂತಿದ್ದೆ. ಒಳಗೆ ನಮ್ಮ ಮಾವ ಮಾತಾಡ್ತಿದ್ರು."

ಹನೂರಿನ ಮಾದೇಶ್. ಅದೇ ಕಾಯಿಲೆಯಿಂದ ಗುಣವಾಗಿದ್ದ. ಈಗ ಡಾಕ್ಟರ್ ಬರುವ ದಿನ ಬಂದು, ತನ್ನ ವಯಸ್ಸಿನ ರೋಗಿಗಳಿಗೆ ಏನು ಕೇಳಬೇಕು, ಹೇಗೆ ಕೇಳಬೇಕೆಂದು ಹೇಳಿಕೊಡುತ್ತಿದ್ದ. ಕೀಮೋ ಆದಮೇಲೆ ಮತ್ತೆ ಬಂದ ಕೂದಲು ಗುಂಗುರಾಗಿತ್ತು. ಅವಳ ಕಣ್ಣು ಅಲ್ಲೇ ನಿಂತಿದ್ದು ಕಂಡು ತಲೆ ಬಗ್ಗಿಸಿದ.

"ಮುಟ್ಟಿ ನೋಡಿ, ವಿಗ್ ಅಲ್ಲ."

ಮುಟ್ಟಲಿಲ್ಲ. ನಗು ಮಾತ್ರ ತಡೆಯಲಾಗಲಿಲ್ಲ.

"ಏನ್ ಕೇಳ್ಬೇಕು ನಿಮ್ಗೆ?"

ಅವಳು ವೇಲಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಕೀಮೋ ಆದ್ಮೇಲೆ... ಮಕ್ಕಳಾಗ್ತವಾ ಅಂತ."

ಅವನ ನಗು ಆರಿತು. "ಶುರುವಾಗೋಕೆ ಮುಂಚೆನೇ ಕೇಳಿ. ನಾನು ನಾಚ್ಕಂಡು ಕೇಳ್ಲಿಲ್ಲ. ನಂಗೆ ಇನ್ನು ಮಕ್ಕಳಾಗಲ್ವಂತೆ."

ಮಾಲಿನಿ ಎದ್ದು ಬಾಗಿಲು ತಳ್ಳಿದಳು.

"ಸಾರ್, ಕಾಯಿಲೆ ನಂದು. ನನ್ನ ಜೊತೆ ಮಾತಾಡಿ."

ಕೀಮೋ ಆದಮೇಲೆ ಮಕ್ಕಳಾಗುತ್ತವಾ ಎಂದು ಅಪ್ಪನ ಎದುರಿಗೇ ಕೇಳಿದಳು. ಅಪ್ಪ ತಲೆ ತಗ್ಗಿಸಿದ. "ಮೊದ್ಲು ಜೀವ ಉಳೀಲಿ ಕಣವ್ವ."

"ಉಳಿದ್ಮೇಲೆ ಬಾಳ್ಬೇಕಾದೋಳು ನಾನಲ್ವಾ ಅಪ್ಪಾಜಿ?"

ಡಾಕ್ಟರ್ ಪೆನ್ನು ಕೆಳಗಿಟ್ಟು ಅವಳ ಕಡೆ ತಿರುಗಿದರು. ಕೀಮೋಗೆ ಎರಡು ವಾರ ಕಾಯಬಹುದು, ಅಷ್ಟರಲ್ಲಿ ಮೈಸೂರಿನಲ್ಲಿ ಅಂಡಾಣು ತೆಗೆದಿಡಬಹುದು. ಮಗು ಆಗೇ ಆಗುತ್ತದೆಂದು ಮಾತು ಕೊಡಲಾರೆ ಎಂದರು. "ನಿಮಗೇ ಮೊದಲು ಹೇಳಬೇಕಿತ್ತು. ನನ್ನ ತಪ್ಪು."

ಅಂಡಾಣು ತೆಗೆದಿಟ್ಟ ಮೇಲೆ ಶುರುವಾದ ಆರು ತಿಂಗಳ ಕೀಮೋದಲ್ಲಿ ಪ್ರತಿ ಸಲವೂ ಮಾದೇಶ್ ಪಕ್ಕದಲ್ಲಿದ್ದ. ಅವಳು ವಾಂತಿ ಮಾಡಿದಾಗ ಬೆನ್ನು ಸವರಿದ, ಬೈದಾಗ ಬೈಸಿಕೊಂಡ. 'ನೀವು' ಹೋಗಿ 'ನೀನು' ಬಂದದ್ದು ಯಾವತ್ತೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಆದರೆ ಗಡ್ಡೆ ಕರಗಿದೆ ಎಂಬ ರಿಪೋರ್ಟ್ ಬಂದ ಮೇಲೆ ಅವನು ಫೋನ್ ಎತ್ತುವುದನ್ನೇ ಬಿಟ್ಟ.

ಮಾಲಿನಿ ಹನೂರಿನ ಬಸ್ಸು ಹತ್ತಿದಳು. ಬೋಳು ತಲೆಗೆ ಬಟ್ಟೆಯನ್ನೂ ಕಟ್ಟದೆ ಅವನ ಮೊಬೈಲ್ ರಿಪೇರಿ ಅಂಗಡಿ ಮುಂದೆ ನಿಂತಳು.

"ಯಾಕೆ ಫೋನ್ ಎತ್ತಲ್ಲ?"

"ನಿಂಗೆ ಮಕ್ಕಳ ಆಸೆ ಐತೆ. ನನ್ ಕಟ್ಕಂಡು ಏನ್ ಮಾಡ್ತೀಯಾ? ಬೇರೆ ಯಾರಾದ್ರೂ..."

"ನನ್ ಪರವಾಗಿ ನೀನೂ ತೀರ್ಮಾನ ಮಾಡ್ಬುಟ್ಯಾ? ನಮ್ಮಪ್ಪನಂಗೆ?"

ಅವನು ಕೈಲಿದ್ದ ಮೊಬೈಲನ್ನು ಕೌಂಟರ್ ಮೇಲಿಟ್ಟ.

"ಮಕ್ಕಳ ವಿಷ್ಯ ಇಬ್ರೂ ಕುಂತು ಮಾತಾಡಾಣ. ಈಗ ನಾನ್ ಕೇಳೋದಕ್ಕೆ ಹೇಳು. ನನ್ ಮದ್ವೆ ಆಯ್ತೀಯೋ ಇಲ್ವೋ?"

"ಆಯ್ತೀನಿ." ತಲೆ ಎತ್ತದೆ ಪಿಸುಗುಟ್ಟಿದ.

"ಕೇಳಿಸ್ಲಿಲ್ಲ."

ಮಾದೇಶ್ ಕೌಂಟರ್ ದಾಟಿ ಬಂದು ಅವಳ ಕೈ ಹಿಡಿದ. ಈ ಸಲ ಹನೂರಿನ ಬೀದಿಯೆಲ್ಲ ತಿರುಗಿ ನೋಡುವ ಹಾಗೆ ಹೇಳಿದ.