ಕೂಗು ನುಂಗಿದ ಬಂಡೆ

"ಈ ಮೂಲೇಲಿ ಮಾತ್ರ ಕೂಗಬೇಡಪ್ಪಾ," ಎಂದು ಹಗ್ಗ ಹಿಡಿಯುವ ಮುದುಕ ಮೊದಲ ದಿನವೇ ಹೇಳಿದ್ದ.

ದ್ವೀಪದ ತುದಿಯಲ್ಲಿ ಸಮುದ್ರಕ್ಕೆ ಮೂತಿ ಚಾಚಿ ನಿಂತ ಬಂಡೆಯದು. ಹಿಂದೊಮ್ಮೆ ಕೆಳಗೆ ಮಗ ಮುಳುಗುತ್ತಿದ್ದಾಗ ತಾಯಿಯೊಬ್ಬಳು ಗಂಟಲು ಹರಿಯುವಂತೆ ಕೂಗಿದಳಂತೆ. ಯಾರೂ ಬರಲಿಲ್ಲ. ಆಮೇಲೆ ಅವಳು ತನ್ನ ಕೂದಲು ಸುಟ್ಟು, ಮಣ್ಣಿನ ಬೊಂಬೆಯ ಬಾಯಿಗೆ ಮೊಳೆ ಹೊಡೆದು, ಬಂಡೆಯ ಸೀಳಿನಲ್ಲಿ ಹೂತು ಮಾಟ ಮಾಡಿಟ್ಟಳು. ಇಲ್ಲಿ ಕೂಗಿದವರ ದನಿ ಅವರ ಮನೆಯವರಿಗೆ ಮತ್ತೆಂದೂ ಕೇಳಬಾರದು ಎಂದು.

ಊರಿಗೆ ಹೊಸಬನಾದ ವೆಲ್ಡರ್ ನಕ್ಕುಬಿಟ್ಟ. "ಹಾಗಾದ್ರೆ ನನ್ನ ಹೆಂಡ್ತೀನ ಕರ್ಕೊಂಡ್ಬಂದು ಕೂಗಿಸ್ಬೇಕು ತಾತ. ಮನೇಲಿ ನೆಮ್ಮದಿಯಾಗಿರಬಹುದು."

ಬಂಡೆಯಂಚಿನ ಕಾಲುದಾರಿಗೆ ಹಳೆಯ ತಡೆಕಂಬಿ ಕಿತ್ತು ಹೊಸದು ಕೂರಿಸುವ ಕೆಲಸ. ಉಪ್ಪುಗಾಳಿಗೆ ಬೋಲ್ಟುಗಳೆಲ್ಲ ತುಕ್ಕಿನಲ್ಲಿ ಕಲ್ಲಾಗಿದ್ದವು. ವೆಲ್ಡರ್ ಸೊಂಟಕ್ಕೆ ಹಗ್ಗ ಕಟ್ಟಿ ಅಂಚಿನ ಕೆಳಗೆ ಇಳಿಯುತ್ತಿದ್ದ, ಮೇಲೆ ಮುದುಕ ಹಗ್ಗ ಹಿಡಿಯುತ್ತಿದ್ದ. ಮುದುಕನೋ ಬಾಯಿ ಬಿಡುವವನಲ್ಲ; ಏನಿದ್ದರೂ ಹಗ್ಗ ಜಗ್ಗಿಯೇ ಹೇಳಬೇಕು. ಒಂದು ಬೋಲ್ಟಿನ ಜೊತೆ ಅರ್ಧ ಹಗಲು ಗುದ್ದಾಡಿ, ಸ್ಪ್ಯಾನರ್ ಜಾರಿ ಸಮುದ್ರಕ್ಕೆ ಬಿದ್ದಾಗ ವೆಲ್ಡರನ ತಾಳ್ಮೆ ಕಿತ್ತುಹೋಯಿತು. "ಹಗ್ಗ ಸಡಿಲ ಬಿಡು ಅಂದ್ರೆ ಕೇಳ್ಸಲ್ವಾ!" ಎಂದು ಕಿರುಚಿದ.

ದನಿ ಮಾರ್ದನಿಸಲಿಲ್ಲ. ಹತ್ತಿಯೊಳಗೆ ಬಿದ್ದ ಕಲ್ಲಿನಂತೆ ಅಡಗಿಹೋಯಿತು. ಸೀಳಿನೊಳಗಿಂದ ಸುಟ್ಟ ಕೂದಲಿನ ವಾಸನೆ ಎದ್ದಿತು. ಮೇಲೆ ಮುದುಕನ ಮುಖ ಬಿಳಿಚಿಕೊಂಡಿತ್ತು.

ಸಂಜೆ, ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ, ವೆಲ್ಡರ್ ಚಹಾ ಕೇಳಿದ. ಬಟ್ಟೆ ಮಡಿಚುತ್ತಿದ್ದ ಹೆಂಡತಿ ತಿರುಗಲಿಲ್ಲ. ಎದುರಿಗೆ ಬಂದು ಕೇಳಿದ. ಅವಳು ಅವನ ಬಾಯನ್ನೇ ನೋಡಿದಳು.

"ಇದೇನ್ರೀ ಮೂಕನ ಆಟ? ಬಾಯ್ಬಿಟ್ಟು ಹೇಳಿ."

ಹೇಳಿದ. ಗಟ್ಟಿಯಾಗಿ ಹೇಳಿದ. ಕತ್ತಿನ ನರ ಉಬ್ಬುವಂತೆ ಅರಚಿದ. ಕೆಳಗಿನ ಅಂಗಡಿಯವನು ಕೋಲಿನಿಂದ ಸೂರು ಕುಟ್ಟಿ, ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ಗೊಣಗಿದ. ಅದು ಅವಳಿಗೆ ಕೇಳಿಸಿತು.

"ಅವರು ಯಾರಿಗೆ ಹೇಳ್ತಿದಾರೆ?" ಎಂದಳು.

ಅವನಿಗೆ ಮೈಯೆಲ್ಲ ಉರಿಯಿತು. ಗೊತ್ತಿಲ್ಲದ ಈ ದ್ವೀಪಕ್ಕೆ ಎಳೆದು ತಂದಿದ್ದಕ್ಕೆ ಬೇಕೆಂದೇ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ. ಗೋಡೆಗೆ ಮುಖ ಮಾಡಿ ಮಲಗಿದ. ಬೆಳಗ್ಗೆ ಏನೂ ತಿನ್ನದೆ ಹೊರಟುಹೋದ.

ಅಂದು, ದಾರಿ ಆಳವಾದ ಸೀಳನ್ನು ಸುತ್ತಿ ಬರುವಲ್ಲಿ, ಆಚೆ ಬದಿಯ ಹಳೆಯ ಕಂಬಿಯ ಒಂದು ತುಂಡು ಕತ್ತರಿಸಿ ತೆಗೆದ. ಮಧ್ಯಾಹ್ನ ಮುದುಕ ಹಗ್ಗವನ್ನು ಗೂಟಕ್ಕೆ ಬಿಗಿದು ಬೋಲ್ಟು ತರಲು ಹೋದ. ವೆಲ್ಡರ್ ಈಚೆ ಬದಿಯಲ್ಲಿ, ಅಂಚಿನ ಕೆಳಗೆ ನೇತಾಡುತ್ತ, ಕಂಬ ಕೂರಿಸುತ್ತಿದ್ದ. ಸಮುದ್ರದಿಂದ ಮಂಜು ಏರಿತು.

ಮಂಜು ಒಂದಿಷ್ಟು ಹರಿದಾಗ ಹೆಂಡತಿ ಕಂಡಳು. ಊಟದ ಡಬ್ಬಿ ಹಿಡಿದು ಆಚೆ ದಾರಿಯಲ್ಲಿ ಬರುತ್ತಿದ್ದಳು. ರಾಜಿಗೆ ಬಂದವಳು. ಮಂಜಿನಲ್ಲಿ ದಾರಿ ಕಾಣದ್ದಕ್ಕೆ ಇನ್ನೊಂದು ಕೈಯನ್ನು ಕಂಬಿಯ ಮೇಲೆ ಸವರುತ್ತ ನಡೆಯುತ್ತಿದ್ದಳು. ಅವನು ಕತ್ತರಿಸಿದ ಕಡೆಗೇ.

ಅಲ್ಲೇ ನಿಲ್ಲು ಎಂದು ಕೂಗಿದ. ಮತ್ತೆ ಕೂಗಿದ. ಗಂಟಲಲ್ಲಿ ರಕ್ತದ ರುಚಿ. ಅವಳು ನಿಲ್ಲಲಿಲ್ಲ. ಹಗ್ಗ ಹಿಡಿದು ಮೇಲೇರಲು ನೋಡಿದ. ಕೈ ಜಾರಿತು. ಸುತ್ತಿಗೆ ಎತ್ತಿ ಕಂಬಕ್ಕೆ ಬಡಿದ. ಠಣ್. ಠಣ್.

ಅವಳು ನಿಂತಳು. ಮುಖ ಅರಳಿತು.

"ಅಲ್ಲಿದ್ದೀರಾ? ಹಾಗೇ ಬಡೀತಾ ಇರಿ. ಸದ್ದು ಹಿಡ್ಕೊಂಡು ಬರ್ತೀನಿ."

ಕಂಬಿ ಬಿಟ್ಟಳು. ನೇರ ಅವನತ್ತ ನಡೆದಳು. ನಡುವೆ ಸೀಳು.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಸದ್ದು ನಿಂತಿತು. ಅವಳೂ ನಿಂತಳು. ಕಾಲ್ಬೆರಳ ಮುಂದೆ ಬರೀ ಮಂಜು.

ಸುಟ್ಟ ಕೂದಲಿನ ವಾಸನೆ ಬಂತು. ಸೀಳಿನ ತಳದಿಂದ, ಮೆಲ್ಲಗೆ, ಅವನದೇ ಲಯದಲ್ಲಿ: ಠಣ್. ಠಣ್.

ಅವನ ಸುತ್ತಿಗೆ ಎತ್ತಿದ ಕೈಯಲ್ಲೇ ಇತ್ತು.

"ಹಾಂ, ಬಂದೆ," ಎಂದಳು ಅವಳು.